ತಾಯಿ ಕಣ್ಣು ಮುಚ್ಚಿದ ಮೇಲೆ ಸೂರು ಯಾರದು?

ಹೋದ ತಿಂಗಳು ಪತ್ರಿಕೆಯ ಚಂದಾ ವಸೂಲಿಗೆಂದು ನಾವು ಕಮಠಾಣಕ್ಕೆ ಹೋಗಿದ್ದೆವು. ಬಾಕಿ ಕೂಲಿಯ ಲೆಕ್ಕ ಬರೆಸಬೇಕೆಂದು ನಾಲ್ಕಾರು ಕಾರ್ಖಾನೆ ಆಳುಗಳೂ ಕರೆದಿದ್ದರು. ಲೆಕ್ಕ ಮುಗಿಸಿ ಚಹಾ ಕುಡಿಯುತ್ತ ಕೂತಾಗ ಅದೇ ಓಣಿಯ ಒಬ್ಬ ಮುದುಕಿ ಬಂದು ಹೊಸ್ತಿಲ ಬಳಿ ನಿಂತಳು. "ಮಾಸ್ತರ್ರೇ, ಒಂದು ಮಾತು ಕೇಳಬೇಕಿತ್ರಿ" ಎಂದಳು. ಪಿಂಚಣಿ ನಿಂತಿರಬೇಕು, ಅರ್ಜಿ ಬರೆಸಲು ಬಂದಿರಬೇಕು ಎಂದುಕೊಂಡು ನಾವು ಕಿಸೆಯಿಂದ ಪೆನ್ನು ತೆಗೆದೆವು. ಆಕೆಗೆ ಅರ್ಜಿ ಬೇಕಿರಲಿಲ್ಲ. ಮೂವತ್ತು ದಾಟಿದ ಮಗನಿದ್ದಾನೆ. ಬುದ್ಧಿ ಐದಾರು ವರ್ಷದ ಕೂಸಿನದು. ಉಣ್ಣಿಸಬೇಕು, ಜಳಕ ಮಾಡಿಸಬೇಕು, ರಾತ್ರಿ ಎದ್ದು ಹೊರಗೆ ಹೋಗದಂತೆ ಬಾಗಿಲಿಗೆ ಅಡ್ಡ ಮಲಗಬೇಕು. ಗಂಡ ಸಕ್ಕರೆ ಕಾರ್ಖಾನೆಯ ಹಂಗಾಮಿ ಆಳಾಗಿ ದುಡಿದು ತೀರಿಹೋಗಿದ್ದಾನೆ. ಮಗಳನ್ನು ಔರಾದ ಕಡೆ ಕೊಟ್ಟಿದೆ. ಅತ್ತೆಯ ಮನೆಯಲ್ಲಿ ಅವಳ ಮಾತು ನಡೆಯದು. ಇಷ್ಟು ಹೇಳಿ ಆಕೆ ಕೇಳಿದ್ದು ಒಂದೇ: "ನಾ ಸತ್ತ ಮ್ಯಾಲ ಇವಗ ಯಾರ್ ನೋಡ್ತಾರ್ರಿ? ಎಲ್ಲಿ ಇಡ್ತಾರ್ರಿ?"

ನಮ್ಮಲ್ಲಿ ಉತ್ತರವಿರಲಿಲ್ಲ. ಸಭೆಯಲ್ಲಿ ಗಂಟೆಗಟ್ಟಲೆ ಮಾತಾಡುವ ನಾವು ಆ ಹೊಸ್ತಿಲ ಮುಂದೆ ಸುಮ್ಮನೆ ಕೂತೆವು. ಊರಿಗೆ ಮರಳಿದ ಮೇಲೆ ಕಾನೂನು ಪುಸ್ತಕಗಳನ್ನು ತೆಗೆದು ಓದಿದೆವು, ಬಲ್ಲವರನ್ನು ಕೇಳಿದೆವು. ಈ ಲೇಖನ ಆ ಮುದುಕಿಗೆ ನಾವು ತಡವಾಗಿ ಕೊಡುತ್ತಿರುವ ಉತ್ತರ. ಉತ್ತರ ಪೂರ್ತಿಯಾಗಿಲ್ಲ ಎಂಬುದನ್ನೂ ಮೊದಲೇ ಹೇಳಿಬಿಡುತ್ತೇವೆ.

ಹೆಸರು ಬದಲಾಯಿಸುವುದರಲ್ಲಿ ನಮ್ಮನ್ನು ಆಳುವವರು ಬಹಳ ಜಾಣರು. ಮೊದಲು ಅಂಗವಿಕಲರು ಎಂದರು, ಆಮೇಲೆ ವಿಕಲಚೇತನರು ಎಂದರು, ವಿಶೇಷ ಚೇತನರು ಎಂದರು. ದಿಲ್ಲಿಯವರು 2015ರ ಕೊನೆಗೆ ದಿವ್ಯಾಂಗರು ಎಂದರು. ಗೌರವದ ಹೆಸರು ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಹೆಸರು ನಾಲ್ಕು ಮೆಟ್ಟಿಲು ಮೇಲೆ ಹತ್ತಿದರೂ ಮನೆಯ ಮುಂದಿನ ಮೆಟ್ಟಿಲು ಹಾಗೆಯೇ ಇದೆ. ಗಾಲಿ ಕುರ್ಚಿ ಇಂದಿಗೂ ಅಂಗಳದಲ್ಲೇ ನಿಲ್ಲುತ್ತದೆ.

2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ 13 ಲಕ್ಷ 24 ಸಾವಿರ ಅಂಗವಿಕಲರ ಎಣಿಕೆಯಾಯಿತು. ಆಗ ಕಾನೂನು ಗುರುತಿಸಿದ್ದ ವಿಕಲತೆಯ ಬಗೆಗಳು ಕಡಿಮೆ. 2016ರ ಕಾಯಿದೆ ಅವನ್ನು 21ಕ್ಕೆ ಏರಿಸಿತು. ಹಾಗಾಗಿ ನಿಜವಾದ ಸಂಖ್ಯೆ ಇದಕ್ಕಿಂತ ಹೆಚ್ಚೆಂದೇ ತಿಳಿಯಬೇಕು. ಇವರಲ್ಲಿ ಬಹುಪಾಲು ಜನಕ್ಕೆ ಸ್ವಲ್ಪ ಆಸರೆ ಸಿಕ್ಕರೆ ತಮ್ಮ ಬದುಕು ತಾವೇ ನಡೆಸುತ್ತಾರೆ. ಉಳಿದವರಿಗೆ ಸೂರೂ ಬೇಕು, ಸೂರಿನ ಕೆಳಗೆ ಒಬ್ಬ ಮನುಷ್ಯನೂ ಬೇಕು. ಈ ಎರಡನ್ನೂ ಕೂಡಿಸಿ ಕೊಡುವುದು ಯಾರ ಕೆಲಸ ಎಂಬುದೇ ಇಲ್ಲಿಯ ಪ್ರಶ್ನೆ.

ಕಾನೂನಿನಲ್ಲಿ ಏನಿದೆ ನೋಡೋಣ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ 2017ರ ಏಪ್ರಿಲ್ 19ರಿಂದ ಜಾರಿಗೆ ಬಂದಿದೆ. ಅದರ 5ನೆಯ ಕಲಮು ಚೆನ್ನಾಗಿದೆ. ಅಂಗವಿಕಲನಿಗೆ ಸಮುದಾಯದ ನಡುವೆ ಬಾಳುವ ಹಕ್ಕಿದೆ, ಇಂಥ ಕಡೆಯೇ ಇರು ಎಂದು ಅವನನ್ನು ಬಲವಂತ ಮಾಡಬಾರದು, ಮನೆಯಲ್ಲೇ ಆಗಲಿ ವಸತಿಗೃಹದಲ್ಲೇ ಆಗಲಿ ಅವನಿಗೆ ಬೇಕಾದ ನೆರವು, ಸಹಾಯಕ ಸಿಗಬೇಕು ಎನ್ನುತ್ತದೆ. 37ನೆಯ ಕಲಮು ಸರ್ಕಾರದ ವಸತಿ ಯೋಜನೆಗಳಲ್ಲಿ ನೂರಕ್ಕೆ 5 ಪಾಲನ್ನು ಶೇಕಡಾ 40ಕ್ಕೆ ಕಡಿಮೆಯಿಲ್ಲದ ವಿಕಲತೆಯುಳ್ಳವರಿಗೆ ಮೀಸಲಿಡಬೇಕು, ಅದರಲ್ಲೂ ಹೆಂಗಸರಿಗೆ ಆದ್ಯತೆ ಇರಬೇಕು ಎನ್ನುತ್ತದೆ. 24ನೆಯದು ಸಾಮಾಜಿಕ ಭದ್ರತೆಯ ಯೋಜನೆಗಳಲ್ಲಿ ಇತರರಿಗಿಂತ ಕಾಲು ಪಾಲು ಹೆಚ್ಚು ಕೊಡಬೇಕೆನ್ನುತ್ತದೆ. ಓದಿದರೆ ಕಣ್ಣಿಗೆ ತಂಪು. ಆದರೆ ನಾವು ಮಾಸ್ತರಿಕೆ ಮಾಡಿದವರು, ವಾಕ್ಯದಲ್ಲಿ ಕ್ರಿಯಾಪದ ಎಲ್ಲಿದೆ ಎಂದು ಹುಡುಕುವ ಚಟ ಬಿಟ್ಟಿಲ್ಲ. 5ನೆಯ ಕಲಮಿನಲ್ಲಿ ಸರ್ಕಾರ "ಕೊಡತಕ್ಕದ್ದು" ಎಂದಿಲ್ಲ, "ಪ್ರಯತ್ನಿಸತಕ್ಕದ್ದು" ಎಂದಿದೆ. 24ನೆಯ ಕಲಮಿನಲ್ಲಿ "ತನ್ನ ಆರ್ಥಿಕ ಶಕ್ತಿಯ ಮಿತಿಯಲ್ಲಿ" ಎಂದಿದೆ. ಪ್ರಯತ್ನಪಟ್ಟೆವು, ಶಕ್ತಿ ಸಾಲಲಿಲ್ಲ ಎಂದು ಹೇಳಿ ಕೈತೊಳೆದುಕೊಳ್ಳಲು ದಾರಿ ಕಾನೂನಿನೊಳಗೇ ಇದೆ.

ಇನ್ನು ಕಚೇರಿಗಳ ಸಂಗತಿ. ಕಮಠಾಣದ ಆ ತಾಯಿಯ ಮಗನಿಗೆ ಬೇಕಾದುದು ಒಂದು ಕೋಣೆ, ಎರಡು ಹೊತ್ತಿನ ಊಟ, ಔಷಧಿ, ಜೊತೆಗೊಬ್ಬ ಮನುಷ್ಯ. ಇಷ್ಟಕ್ಕೆ ಎಷ್ಟು ಬಾಗಿಲು ತಟ್ಟಬೇಕು, ಎಣಿಸಿ. ಪ್ರಮಾಣಪತ್ರ ಆರೋಗ್ಯ ಇಲಾಖೆಯ ವೈದ್ಯರದು. ಮಾಸಾಶನ ಕಂದಾಯ ಇಲಾಖೆಯದು; ತಹಶೀಲ್ದಾರರ ಕಚೇರಿ. ಮನೆ ವಸತಿ ಇಲಾಖೆಯದು. ಅದರ ಕಂಪ್ಯೂಟರು ಬೆಂಗಳೂರಿನ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದಲ್ಲಿ, ಅರ್ಜಿ ಪಂಚಾಯಿತಿಯಲ್ಲಿ. ವಸತಿಗೃಹಗಳಿಗೆ ಅನುದಾನ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯದು. ಮಾನಸಿಕ ರೋಗವಿದ್ದರೆ 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆ, ಅದಕ್ಕೆ ಬೇರೆ ಪ್ರಾಧಿಕಾರ. ಬುದ್ಧಿಮಾಂದ್ಯ, ಆಟಿಸಂ, ಮೆದುಳಿನ ಲಕ್ವ ಇದ್ದರೆ 1999ರ ರಾಷ್ಟ್ರೀಯ ನ್ಯಾಸದ ಕಾಯಿದೆ. ಅದರಡಿ ಪಾಲಕರನ್ನು ನೇಮಿಸುವ ಸ್ಥಳೀಯ ಸಮಿತಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ. ಬೀದಿಯಲ್ಲಿ ಸಿಕ್ಕರೆ ಸಮಾಜ ಕಲ್ಯಾಣ ಇಲಾಖೆಯ ನಿರಾಶ್ರಿತರ ಕೇಂದ್ರ. ಈ ಕಚೇರಿಗಳಲ್ಲಿ ಒಂದಕ್ಕೊಂದರ ಗುರುತಿಲ್ಲ. ಮನೆ ಕೊಟ್ಟವರು ಒಳಗಿರುವವನನ್ನು ಯಾರು ನೋಡಿಕೊಳ್ಳುತ್ತಾರೆಂದು ಕೇಳುವುದಿಲ್ಲ. ಮಾಸಾಶನ ಕೊಟ್ಟವರು ಅವನು ಮಲಗುವುದೆಲ್ಲಿ ಎಂದು ಕೇಳುವುದಿಲ್ಲ.

ತಮಾಷೆಯ ಮಾತೆಂದರೆ, ಜಿಲ್ಲೆಯ ಮಟ್ಟಿಗೆ ಈ ದಾರಗಳಲ್ಲಿ ಹಲವು ಒಂದೇ ಕೈಯಲ್ಲಿವೆ. ರಾಷ್ಟ್ರೀಯ ನ್ಯಾಸದ ಸಮಿತಿಯ ಅಧ್ಯಕ್ಷರು ಜಿಲ್ಲಾಧಿಕಾರಿಗಳು. ವಿಕಲಚೇತನರು, ವಿಧವೆಯರು, ಕುಷ್ಠದಿಂದ ಗುಣವಾದವರು ಮುಂತಾದವರಿಗೆಂದೇ ಇರುವ ದೇವರಾಜ ಅರಸು ವಸತಿ ಯೋಜನೆಯ ಆಯ್ಕೆಯೂ ಅವರ ಸಮಿತಿಯದೇ. ಮಾಸಾಶನದ ತಹಶೀಲ್ದಾರರೂ ಅವರ ಕೈಕೆಳಗೇ. ಸಾಹೇಬರು ಒಬ್ಬರೇ, ಫೈಲುಗಳು ಮಾತ್ರ ಬೇರೆ ಬೇರೆ ಕಪಾಟಿನಲ್ಲಿ. ಈ ಮೂರು ಫೈಲುಗಳನ್ನು ಒಂದು ಮೇಜಿನ ಮೇಲೆ ತರಲು ಹೊಸ ಕಾನೂನು ಬೇಕೇ? ಹೊಸ ತೆರಿಗೆ ಬೇಕೇ? ಒಬ್ಬ ಜವಾನ ಸಾಕು.

ಕಾರ್ಖಾನೆಯ ಬಂಧುಗಳು ಇಲ್ಲಿ ಕೇಳಬಹುದು, ಇದು ನಮ್ಮ ಪ್ರಶ್ನೆಯೇ ಎಂದು. ನಿಮ್ಮದೇ. ಅಂಗವಿಕಲರು ಎಂಬುದೊಂದು ಬೇರೆ ಜಾತಿಯಲ್ಲ, ಹುಟ್ಟಿನಿಂದಲೇ ಬಂದ ಪಂಗಡವಲ್ಲ. ಕಬ್ಬು ಅರೆಯುವ ಗಾಣಕ್ಕೆ ಕೈ ಸಿಕ್ಕಿದವನು ಬೆಳಿಗ್ಗೆ ಡ್ಯೂಟಿಗೆ ಹೋಗುವಾಗ ಎರಡು ಕೈಯವನೇ ಆಗಿದ್ದ. ಇ.ಎಸ್.ಐ. ಇದ್ದ ಕಾರ್ಖಾನೆಯಾದರೆ ಶಾಶ್ವತವಾಗಿ ಕೈಲಾಗದವನಿಗೆ ದಿನಗೂಲಿಯ ನೂರಕ್ಕೆ 90ರಂತೆ ಜೀವನಪರ್ಯಂತ ಸಿಗುತ್ತದೆ. ಆದರೆ 1948ರ ಇ.ಎಸ್.ಐ. ಕಾಯಿದೆ ಹಂಗಾಮಿ ಕಾರ್ಖಾನೆಗಳನ್ನು ಹೊರಗಿಟ್ಟಿತ್ತು, ಆ ಪಟ್ಟಿಯಲ್ಲಿ ಸಕ್ಕರೆಯೂ ಬೆಲ್ಲವೂ ಇದ್ದವು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಹಂಗಾಮಿ ಕಾರ್ಖಾನೆ ಹೊರಗೇ ಉಳಿಯಿತು. ಕಬ್ಬಿನ ಜಿಲ್ಲೆಯಲ್ಲಿ ಇದರ ಅರ್ಥವೇನು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಆಳಿಗೆ ಉಳಿಯುವುದು 1923ರ ಕಾಯಿದೆಯ ಕಾಲದಿಂದ ಬಂದ ಒಂದೇ ಗಂಟಿನ ಪರಿಹಾರ, ಅದೂ ಜಗಳವಾಡಿದರೆ. ಗಂಟು ಸಾಲಕ್ಕೆ ಹೋಗುತ್ತದೆ, ಮಗಳ ಮದುವೆಗೆ ಹೋಗುತ್ತದೆ. ಆಮೇಲೆ ಮೂವತ್ತು ವರ್ಷ ಅವನನ್ನು ಎತ್ತಿ ಕೂಡಿಸುವವರು ಯಾರು?

ಸಣ್ಣ ವ್ಯಾಪಾರಿಗಳ ಪಾಡು ಇನ್ನೂ ತೆಳು. ಅಂಗಡಿಯ ಗಲ್ಲೆಯ ಮೇಲೆ ಕೂತವನಿಗೆ ಲಕ್ವ ಹೊಡೆದರೆ ಅಂಗಡಿಗೂ ಲಕ್ವವೇ. ಅವನಿಗೆ ಇ.ಎಸ್.ಐ. ಇಲ್ಲ, ಮಾಲಿಕನಿಲ್ಲ, ಯೂನಿಯನ್ನೂ ಇಲ್ಲ. ಇಬ್ಬರ ಮನೆಯಲ್ಲೂ ಕೊನೆಗೆ ಹೊರೆ ಹೊರುವವಳು ಹೆಂಗಸು. ಹೆಂಡತಿ ಕೂಲಿ ಬಿಡುತ್ತಾಳೆ, ಮಗಳು ಶಾಲೆ ಬಿಡುತ್ತಾಳೆ. ಈ ದುಡಿಮೆಗೆ ಹಾಜರಿ ಪುಸ್ತಕವಿಲ್ಲ, ರಜೆಯಿಲ್ಲ, ನಿವೃತ್ತಿಯಿಲ್ಲ. "ಕುಟುಂಬವೇ ನೋಡಿಕೊಳ್ಳುವುದು ನಮ್ಮ ಸಂಸ್ಕೃತಿ" ಎಂದು ವೇದಿಕೆಯ ಮೇಲೆ ಹೇಳುವವರು ಕುಟುಂಬ ಎಂಬ ಮಾತಿನ ಬದಲು "ಒಬ್ಬ ಹೆಂಗಸು" ಎಂದು ಹೇಳಿ ನೋಡಲಿ, ಭಾಷಣ ಹೇಗೆ ಕೇಳಿಸುತ್ತದೆ ಎಂದು ತಿಳಿಯುತ್ತದೆ.

ಇನ್ನೊಬ್ಬರ ಕಡೆ ಬೆರಳು ತೋರಿಸುವ ಮುಂಚೆ ನಮ್ಮದೊಂದು ತಪ್ಪನ್ನೂ ಹೇಳಬೇಕು. ನಾವು ಖಾಸಗಿ ಶಾಲೆಯಲ್ಲಿ ಕಲಿಸುತ್ತಿದ್ದಾಗ ಕಾಲಿಲ್ಲದ ಒಬ್ಬ ಹುಡುಗನನ್ನು ಅಣ್ಣ ಹೆಗಲ ಮೇಲೆ ಹೊತ್ತು ತರುತ್ತಿದ್ದ. ಅಣ್ಣ ಇಟ್ಟಿಗೆ ಭಟ್ಟಿಯ ಕೆಲಸಕ್ಕೆ ಹೋದ ಮೇಲೆ ಹುಡುಗ ಬರುವುದು ನಿಂತಿತು. ವರ್ಷ ಮುಗಿಯುವ ತನಕ ಹಾಜರಿಯಲ್ಲಿ ಅವನ ಹೆಸರು ಕೂಗಿದೆವು, ಹುಡುಗರು "ಇಲ್ಲ ಸರ್" ಎಂದರು, ನಾವು ಗೀಟು ಎಳೆದೆವು. ಅವನ ಮನೆ ಶಾಲೆಯಿಂದ ಒಂದು ಫರ್ಲಾಂಗು. ನಾವು ಒಂದು ದಿನವೂ ಹೋಗಲಿಲ್ಲ.

"ಸರ್ಕಾರ ದೊಡ್ಡ ಆಶ್ರಮ ಕಟ್ಟಲಿ, ಎಲ್ಲರನ್ನೂ ಅಲ್ಲಿ ಇಡಲಿ" ಎಂದು ಒಳ್ಳೆಯ ಮನಸ್ಸಿನ ಹಲವರು ಹೇಳುತ್ತಾರೆ. ಅವರು ಎರವಾಡಿಯನ್ನು ನೆನೆಯಲಿ. ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಆ ದರ್ಗಾದ ಊರಿನಲ್ಲಿ ಮಾನಸಿಕ ರೋಗಿಗಳನ್ನು ಇಟ್ಟುಕೊಳ್ಳುವ ಖಾಸಗಿ ಮನೆಗಳು ಸಾಲಾಗಿದ್ದವು. 2001ರ ಆಗಸ್ಟ್ 6ರ ನಸುಕಿನಲ್ಲಿ ಅಂಥ ಒಂದು ಚಪ್ಪರಕ್ಕೆ ಬೆಂಕಿ ಬಿತ್ತು. ಒಳಗಿದ್ದವರಿಗೆ ಸರಪಳಿ ಹಾಕಿತ್ತು. 28 ಜನ ಸತ್ತರು. ಲೈಸೆನ್ಸು ಬೇಕೆನ್ನುವ 1987ರ ಕಾಯಿದೆ ಆಗಲೇ ಪುಸ್ತಕದಲ್ಲಿತ್ತು, ಆ ಮನೆಗೆ ಲೈಸೆನ್ಸು ಇರಲಿಲ್ಲ. ಸತ್ತವರ ಮನೆಯವರು ಕಲ್ಲೆದೆಯವರೇನಲ್ಲ. ದೂರದೂರದಿಂದ, ತಿಂಗಳಾ ಹಣ ಕೊಟ್ಟು, ಬೇರೆ ದಾರಿ ಕಾಣದೆ ತಂದು ಬಿಟ್ಟವರು. ಸರ್ಕಾರದ ಕಣ್ಣು ಇಲ್ಲದ ಕಡೆ ಬಡವರ ಹಣ, ಬಡವರ ಮಕ್ಕಳು, ಎರಡೂ ಬೂದಿಯಾದವು. ಆ ಬೆಂಕಿಯ ಮೇಲೆ ಸುಪ್ರೀಂ ಕೋರ್ಟು ತಾನಾಗಿಯೇ ಪ್ರಕರಣ ಹೂಡಿತು. ಸರಪಳಿ ಹಾಕುವುದನ್ನು 2017ರ ಕಾಯಿದೆ ಸ್ಪಷ್ಟವಾಗಿ ನಿಷೇಧಿಸಿತು. ಅಷ್ಟು ಹೊತ್ತಿಗೆ ಹದಿನಾರು ವರ್ಷ ಕಳೆದಿತ್ತು.

ಸರ್ಕಾರವೇ ನಡೆಸಿದರೆ ಸರಿಹೋಗುತ್ತದೆಯೇ? ಅದನ್ನೂ ನೋಡಿದ್ದೇವೆ. 2010ರ ಆಗಸ್ಟಿನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ ಸಾವಿನ ಮೇಲೆ ಸಾವು ಸಂಭವಿಸಿ ಇಡೀ ರಾಜ್ಯ ತಲೆತಗ್ಗಿಸಿತು. ಅಲ್ಲಿದ್ದವರಲ್ಲಿ ಮಾನಸಿಕ ರೋಗಿಗಳೂ ಇದ್ದರು. ಅವರು ಭಿಕ್ಷುಕರ ಕೇಂದ್ರದಲ್ಲಿ ಇರಬೇಕಾದವರೇ ಅಲ್ಲ. ಮಹಾರಾಷ್ಟ್ರದಲ್ಲಿ ಆಸ್ಪತ್ರೆಯಲ್ಲಿ ಗುಣವಾದವರನ್ನು ಭಿಕ್ಷುಕರ ಗೃಹಗಳಿಗೆ, ವೃದ್ಧಾಶ್ರಮಗಳಿಗೆ ಸಾಗಿಸುತ್ತಿದ್ದುದನ್ನು 2019ರಲ್ಲಿ ಸುಪ್ರೀಂ ಕೋರ್ಟು ನಿಲ್ಲಿಸಬೇಕಾಯಿತು.

ಇಲ್ಲಿ ಅಂಗಡಿಕಾರ ಬಂಧುಗಳಿಗೆ ಒಂದು ಮಾತು. ನಿಮ್ಮ ಅಂಗಡಿಯ ಆಸ್ತಿ ತೆರಿಗೆಯ ರಸೀದಿ ತೆಗೆದು ನೋಡಿ. ತೆರಿಗೆಯ ಮೇಲೆ ಆರೋಗ್ಯ ಕರ, ಗ್ರಂಥಾಲಯ ಕರ, ಅವುಗಳ ಕೆಳಗೆ ಭಿಕ್ಷುಕರ ಕರ ಎಂದು ನೂರಕ್ಕೆ 3 ಇದೆ. 1975ರ ಭಿಕ್ಷಾಟನೆ ನಿಷೇಧ ಕಾಯಿದೆಯಡಿ ನೀವು ಕಟ್ಟುವ ಹಣ ಅದು. ನಿರ್ಗತಿಕನ ಸೂರಿಗೆ ಎಂದು ನಿಮ್ಮಿಂದ ವಸೂಲಿಯಾಗುವ ಈ ಹಣವನ್ನು ಸ್ಥಳೀಯ ಸಂಸ್ಥೆಗಳು ಸಕಾಲಕ್ಕೆ ಮುಂದೆ ಕಟ್ಟುವುದಿಲ್ಲ ಎಂಬ ದೂರು ರಾಜ್ಯದಲ್ಲಿ ಹಳೆಯದು. ಅದರ ಮೇಲೆ ಪಂಚಾಯಿತಿ, ಪುರಸಭೆಗಳು ಅಂಗವಿಕಲರ ಕಲ್ಯಾಣಕ್ಕೆ ಶೇಕಡಾ 5ರ ಪಾಲು ತೆಗೆದಿಡಬೇಕು. ಹಣವೇ ಇಲ್ಲ ಎಂಬ ಮಾತನ್ನು ನಂಬುವ ಮೊದಲು ಈ ಎರಡರ ಲೆಕ್ಕ ಕೇಳಬೇಕು.

ದೊಡ್ಡ ಆಶ್ರಮವಲ್ಲದಿದ್ದರೆ ಮತ್ತೇನು? ಚೆನ್ನೈಯಲ್ಲಿ 1993ರಲ್ಲಿ ಆರಂಭವಾದ ಬ್ಯಾನಿಯನ್ ಎಂಬ ಸಂಸ್ಥೆ ಒಂದು ದಾರಿ ತೋರಿಸಿದೆ. ವರ್ಷಗಟ್ಟಲೆ ಮಾನಸಿಕ ಆಸ್ಪತ್ರೆಯಲ್ಲಿ ಉಳಿದವರನ್ನು ನಾಲ್ಕೈದು ಜನರ ಗುಂಪಾಗಿ ಊರಿನ ನಡುವೆ, ಬೀದಿಯ ನಡುವೆ ಬಾಡಿಗೆ ಮನೆಯಲ್ಲಿ ಇರಿಸುವುದು. ಅವರೇ ಅಡಿಗೆ ಮಾಡುತ್ತಾರೆ, ಸಂತೆಗೆ ಹೋಗುತ್ತಾರೆ, ಬೇಕಾದಷ್ಟಕ್ಕೆ ಮಾತ್ರ ಸಹಾಯಕಿ ಇರುತ್ತಾಳೆ. ಇಟಲಿಯವರು 1978ರಲ್ಲಿ ಕಾನೂನು ಮಾಡಿ ಹುಚ್ಚಾಸ್ಪತ್ರೆಗಳನ್ನು ಮುಚ್ಚುತ್ತ ಬಂದಾಗ ತ್ರಿಯೆಸ್ತೆ ಊರಿನಲ್ಲಿ ಹೀಗೆಯೇ ಸಣ್ಣ ಸಣ್ಣ ಮನೆಗಳನ್ನು ಮಾಡಿದರು. ಆಶ್ರಮಕ್ಕೂ ಮನೆಗೂ ಇರುವ ವ್ಯತ್ಯಾಸವನ್ನು ನಾವು ಒಂದೇ ಪ್ರಶ್ನೆಯಿಂದ ಅಳೆಯುತ್ತೇವೆ. ಬಾಗಿಲಿನ ಕೀಲಿಕೈ ಯಾರ ಬಳಿ ಇದೆ? ಒಳಗಿರುವವನ ಬಳಿ ಇದ್ದರೆ ಅದು ಮನೆ.

ನಮ್ಮಲ್ಲಿಯೂ ಇದರ ಬೀಜ ಕಾಗದದ ಮೇಲೆ ಇದೆ. ರಾಷ್ಟ್ರೀಯ ನ್ಯಾಸದ ಘರೌಂದಾ ಯೋಜನೆ ಎಂದರೆ ವಯಸ್ಕರಿಗೆ ಜೀವನಪರ್ಯಂತದ ಸಮೂಹ ಮನೆ. ಅದರದೇ ಸಮರ್ಥ ಯೋಜನೆ ತಂದೆತಾಯಿಗಳಿಗೆ ಸ್ವಲ್ಪ ಕಾಲ ಬಿಡುವು ಕೊಡುವಂಥದು. ಆದರೆ ಯಾವುದಾದರೂ ನೋಂದಾಯಿತ ಸಂಸ್ಥೆ ಮುಂದೆ ಬಂದರೆ ಮಾತ್ರ ಇವು ನಡೆಯುತ್ತವೆ. ಸಂಸ್ಥೆಗಳು ದೊಡ್ಡ ಪಟ್ಟಣಗಳಲ್ಲಿ ಹುಟ್ಟುತ್ತವೆ. ಔರಾದಿನ ತಾಂಡಾದ ಕೂಸಿಗೆ, ಭಾಲ್ಕಿಯ ಸಂತೆಯಲ್ಲಿ ಬುಟ್ಟಿ ಹೊರುವವಳ ಮಗನಿಗೆ ಯಾವ ಸಂಸ್ಥೆ ಹುಡುಕಿಕೊಂಡು ಬರುತ್ತದೆ? ಮಠಗಳು, ಮಿಷನ್ನುಗಳು ಇಲ್ಲಿ ಮಾಡಿದ ಸೇವೆಯನ್ನು ನಾವು ಹಗುರವಾಗಿ ಕಾಣುವವರಲ್ಲ. ಬಸವಕಲ್ಯಾಣ ನಮ್ಮ ಜಿಲ್ಲೆಯಲ್ಲೇ ಇದೆ, ದಾಸೋಹದ ಅರ್ಥ ನಮಗೆ ಹೊರಗಿನವರು ಕಲಿಸಬೇಕಿಲ್ಲ. ಆದರೆ ದಾನ ಕೊಟ್ಟ ಊಟದಲ್ಲಿ ಹುಳ ಬಿದ್ದರೆ ದೂರು ಕೊಡುವುದು ಕಷ್ಟ. ಹಕ್ಕಿನ ಊಟಕ್ಕೆ ಆ ಸಂಕೋಚವಿಲ್ಲ.

ಸರ್ಕಾರ ಹಣ ಕೊಟ್ಟು ಸುಮ್ಮನಾದರೂ ಸಾಲದು. ಇಂಗ್ಲೆಂಡಿನಲ್ಲಿ ಆಸರೆ ಬೇಕಾದವರ ವಸತಿಗೆ ಸರ್ಕಾರವೇ ಹೆಚ್ಚಿನ ಬಾಡಿಗೆ ಕೊಡುತ್ತಿತ್ತು. ಬರ್ಮಿಂಗ್‌ಹ್ಯಾಮ್ ಮೊದಲಾದ ಊರುಗಳಲ್ಲಿ ಕೆಲವು ಮನೆ ಮಾಲಿಕರು ಜನರನ್ನು ಕೋಣೆಗಳಲ್ಲಿ ತುಂಬಿ, ಆಸರೆ ಎಂಬುದನ್ನು ಹೆಸರಿಗೆ ಮಾತ್ರ ಇಟ್ಟು, ಬಾಡಿಗೆಯನ್ನು ಜೇಬಿಗಿಳಿಸಿದರು. ಕೊನೆಗೆ 2023ರಲ್ಲಿ ಅಲ್ಲಿಯ ಪಾರ್ಲಿಮೆಂಟು ಇಂಥ ವಸತಿಯ ಮೇಲ್ವಿಚಾರಣೆಗೆಂದೇ ಪ್ರತ್ಯೇಕ ಕಾನೂನು ಮಾಡಬೇಕಾಯಿತು. ಲಾಭಕೋರತನಕ್ಕೆ ಬಿಳಿ ಕರಿ ಎಂಬ ಭೇದವಿಲ್ಲ.

"ಇನ್ನಷ್ಟು ಇನ್‌ಸ್ಪೆಕ್ಟರುಗಳೇ? ಇರುವವರ ಮಾಮೂಲು ಕೊಟ್ಟೇ ಸಾಕಾಗಿದೆ" ಎಂದು ಒಬ್ಬ ಕಿರಾಣಿ ಅಂಗಡಿಯ ಗೆಳೆಯರು ಈ ಲೇಖನದ ಕರಡು ಓದಿ ಹೇಳಿದರು. ಅವರ ಮಾತಿನಲ್ಲಿ ಸುಳ್ಳಿಲ್ಲ. ಬಾಗಿಲು ಹಾಕಿಕೊಂಡು ಮಾಡುವ ತಪಾಸಣೆ ಲಂಚದ ಇನ್ನೊಂದು ಅಂಗಡಿಯೇ. ಆದ್ದರಿಂದ ನಾವು ಕೇಳುವ ತಪಾಸಣೆ ಬೇರೆ ತರಹದ್ದು. ಮುನ್ಸೂಚನೆ ಇಲ್ಲದೆ ಹೋಗುವ ತಂಡದಲ್ಲಿ ಅಧಿಕಾರಿಯ ಜೊತೆಗೆ ಒಬ್ಬ ಅಂಗವಿಕಲರು, ಒಬ್ಬ ತಾಯಿ ಇರಬೇಕು. ಒಳಗಿರುವವರ ಜೊತೆ ನಡೆಸುವವರನ್ನು ಹೊರಗಿಟ್ಟು ಮಾತಾಡಬೇಕು. ಬರೆದ ವರದಿಯನ್ನು ಆ ವಾರವೇ ಪಂಚಾಯಿತಿಯ ಹಲಗೆಗೆ ಅಂಟಿಸಬೇಕು. ಹಲಗೆಯ ಮೇಲೆ ಅಂಟಿಸಿದ್ದಕ್ಕೆ ಮಾಮೂಲು ಕೊಡುವವರು ಕಡಿಮೆ.

ಜೊತೆಗೆ, ಪ್ರತಿ ಗ್ರಾಮ ಪಂಚಾಯಿತಿಗೂ ಒಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ; ತಾಲೂಕಿಗೆ ವಿವಿಧೋದ್ದೇಶ ಕಾರ್ಯಕರ್ತರಿದ್ದಾರೆ. ಹಳ್ಳಿಯ ಕಾರ್ಯಕರ್ತರನ್ನು ಅಂಗವಿಕಲರಲ್ಲಿಯೇ ಆರಿಸಿದೆ. ಯಾವ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆಂದು ಜಿಲ್ಲೆಯಲ್ಲಿ ಬಲ್ಲವರೆಂದರೆ ಇವರು. ಇವರಿಗೆ ಸಂಬಳವಿಲ್ಲ, ಗೌರವಧನ. ಸರ್ಕಾರದ ಭಾಷೆಯಲ್ಲಿ ಗೌರವ ಜಾಸ್ತಿಯಾದಷ್ಟೂ ಧನ ಕಡಿಮೆ. ಇವರ ನೌಕರಿಯನ್ನು ಕಾಯಂ ಮಾಡಿ, ಆರು ಕಚೇರಿಗಳ ಕಾಗದ ಇವರ ಕೈಯಲ್ಲಿರುವ ಒಂದೇ ಪುಸ್ತಕದಲ್ಲಿ ಬರುವಂತೆ ಮಾಡಿದರೆ ಅರ್ಧ ಸಮನ್ವಯ ಅಲ್ಲಿಯೇ ಆಯಿತು. ಉಳಿದರ್ಧ ಜಿಲ್ಲಾಧಿಕಾರಿಗಳ ಮೇಜು.

ಮನೆ ಕಟ್ಟುವ ರೀತಿಯೂ ಬದಲಾಗಬೇಕು. ಗ್ರಾಮೀಣ ಆವಾಸ ಯೋಜನೆಯಲ್ಲಿ ಬಯಲು ಸೀಮೆಗೆ 1 ಲಕ್ಷ 20 ಸಾವಿರ, ಕನಿಷ್ಠ 25 ಚದರ ಮೀಟರ್. ಈ ಹಣದಲ್ಲಿ ಕಟ್ಟಿದ ಮನೆಗೆ ಎತ್ತರದ ಹೊಸ್ತಿಲು, ಕಿರಿದಾದ ಬಾಗಿಲು, ಅಂಗಳದ ಆಚೆ ಶೌಚ. ನೂರಕ್ಕೆ 5ರ ಪಾಲಿನ ಮನೆಗಳನ್ನು ಊರಿಗೊಂದು ಮೂಲೆಗೊಂದು ಹಂಚಿ ಲೆಕ್ಕ ತುಂಬುವ ಬದಲು, ಇಚ್ಛೆಯುಳ್ಳವರಿಗೆ ಎರಡು ಮೂರು ಮನೆ ಒತ್ತಾಗಿ ಊರೊಳಗೇ ಕಟ್ಟಿ, ನಡುವೆ ಒಬ್ಬ ಸಹಾಯಕಿಗೆ ಸಂಬಳ ಕೊಟ್ಟರೆ ಅದೇ ಹಣ ಎರಡು ಪಟ್ಟು ಕೆಲಸ ಮಾಡುತ್ತದೆ. ಊರ ಹೊರಗೆ ಬೇಡ. ಊರ ಹೊರಗೆ ಇಡುವ ಚಾಳಿ ಈ ದೇಶದಲ್ಲಿ ಯಾರ ಯಾರ ಮೇಲೆ ನಡೆದಿದೆ ಎಂದು ಎಲ್ಲರಿಗೂ ಗೊತ್ತಿದೆ.

ಅಂಗವಿಕಲರ ರಾಜ್ಯ ಆಯುಕ್ತರ ಕಚೇರಿ ಬೆಂಗಳೂರಿನಲ್ಲಿದೆ, ಇಲ್ಲಿಂದ ಸುಮಾರು 700 ಕಿಲೋಮೀಟರ್. ಬಾಗಿಲಿಗೆ ಅಡ್ಡ ಮಲಗುವ ತಾಯಿ ಅಲ್ಲಿಗೆ ಹೋಗಲಾರಳು. ಅವಳ ಮಾತನ್ನು ನಾವೇ ಹೊತ್ತು ಮೊದಲು ಬೀದರದ ಜಿಲ್ಲಾಧಿಕಾರಿಗಳ ಕಚೇರಿಗೆ ಒಯ್ಯುತ್ತೇವೆ, ಆಮೇಲೆ ಆಯುಕ್ತರಿಗೆ ಬರೆಯುತ್ತೇವೆ. ಅದಕ್ಕೆ ಒಬ್ಬ ಮುದುಕಿಯ ಹೆಸರು ಸಾಲದು. ಬೀದರ, ಭಾಲ್ಕಿ, ಔರಾದ ತಾಲೂಕುಗಳ ಓದುಗರಲ್ಲಿ ಯಾರ ಮನೆಯಲ್ಲಿ ಇಂಥವರು ಇದ್ದಾರೋ ಅವರು ಒಂದು ಚೀಟಿಯಲ್ಲಿ ಊರು, ಓಣಿ, ವಯಸ್ಸು, ಏನು ತೊಂದರೆ, ಪ್ರಮಾಣಪತ್ರ ಇದೆಯೋ ಇಲ್ಲವೋ, ಈಗ ನೋಡಿಕೊಳ್ಳುವವರು ಯಾರು, ಅವರ ವಯಸ್ಸೆಷ್ಟು ಎಂದು ಬರೆದು ನಮ್ಮ ಕಚೇರಿಗೆ ತಲುಪಿಸಲಿ. ಬರೆಯಲು ಬಾರದವರು ಹೇಳಿ ಕಳಿಸಿದರೆ ನಾವೇ ಬಂದು ಬರೆದುಕೊಳ್ಳುತ್ತೇವೆ. ಕಮಠಾಣದ ಚೀಟಿ ಮೊದಲನೆಯದಾಗಿ ನಮ್ಮ ಬಳಿ ಇದೆ. ಅದರಲ್ಲಿ ನೋಡಿಕೊಳ್ಳುವವರ ವಯಸ್ಸಿನ ಮುಂದೆ ಆಕೆ "ಎಪ್ಪತ್ತರ ಮ್ಯಾಲ ಇರಬೇಕ್ರಿ" ಎಂದು ಬರೆಸಿದ್ದಾಳೆ.